ಬ್ಯಾಚ್ ಫೈಲಿನಲ್ಲಿ ಫೋಲ್ಡರ್ ತಪಾಸಣೆ: ಕೊನೆಯ ಬ್ಯಾಕ್‌ಸ್ಲ್ಯಾಶ್ ಬಿಡಬೇಡಿ

ಮಂಗಳೂರು ಬಂದರಿನ ಸಗಟು ಮಳಿಗೆಯಿರಲಿ, ಉಡುಪಿಯ ಸಹಕಾರಿ ಸಂಘವಿರಲಿ, ಲೆಕ್ಕದ ಸಾಫ್ಟ್‌ವೇರ್ ಓಡುವ ಹಲವು ಸಣ್ಣ ಕಚೇರಿಗಳಲ್ಲಿ ರಾತ್ರಿಯ ಬ್ಯಾಕಪ್ ಇವತ್ತಿಗೂ ಒಂದು ಬ್ಯಾಚ್ ಫೈಲಿನ ಜವಾಬ್ದಾರಿ. ಯಾರೋ ಬರೆದುಕೊಟ್ಟ ಹತ್ತು ಹದಿನೈದು ಸಾಲು ವಿಂಡೋಸ್ ಕಮಾಂಡು, ಅದನ್ನು ನಿಗದಿತ ಹೊತ್ತಿಗೆ ಓಡಿಸಲು ಟಾಸ್ಕ್ ಶೆಡ್ಯೂಲರ್. ಇಂಥ ಫೈಲುಗಳು ಸದ್ದಿಲ್ಲದೆ ಕೈಕೊಡುವುದು ಗುರಿ ಫೋಲ್ಡರ್ (ನಕಲು ಹೋಗಿ ಸೇರಬೇಕಾದ ಫೋಲ್ಡರ್) ಇಲ್ಲದ ದಿನ. (ಕಮಾಂಡುಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು.)

ಡಿ ಡ್ರೈವಿನಲ್ಲಿ ಬ್ಯಾಕಪ್ ಎಂಬ ಫೋಲ್ಡರನ್ನು ಯಾರೋ ಅಳಿಸಿದ್ದಾರೆ ಎಂದಿಟ್ಟುಕೊಳ್ಳಿ. ಡಿಬಿಎಫ್ ಎಂಬ ಲೆಕ್ಕದ ಫೈಲುಗಳನ್ನೆಲ್ಲ ಅಲ್ಲಿಗೆ ನಕಲು ಮಾಡಲು ಬ್ಯಾಚ್ ಫೈಲಿನಲ್ಲಿ ಈ ಸಾಲಿದೆ:

ಕಾಪಿ *.ಡಿಬಿಎಫ್ ಡಿ:\ಬ್ಯಾಕಪ್

ಕಾಪಿ ಇಲ್ಲಿ ತಕರಾರು ತೆಗೆಯುವುದಿಲ್ಲ. ಬ್ಯಾಕಪ್ ಎಂಬುದು ಫೈಲಿನ ಹೆಸರೆಂದೇ ತಿಳಿದು, ಎಲ್ಲ ಫೈಲುಗಳನ್ನೂ ಒಂದರ ಹಿಂದೊಂದು ಜೋಡಿಸಿ ಒಂದೇ ದೊಡ್ಡ ಫೈಲ್ ಮಾಡಿಡುತ್ತದೆ. ಹೀಗೆ ಜೋಡಿಸುವಾಗ ಅವನ್ನು ಪಠ್ಯದ ಫೈಲುಗಳೆಂದು ಭಾವಿಸುವುದರಿಂದ, ಕಂಟ್ರೋಲ್-ಜೆಡ್ ಎಂಬ 26ನೇ ಸಂಕೇತ ಸಿಕ್ಕ ಕಡೆ ಆ ಫೈಲಿನ ಮುಂದಿನ ಭಾಗವನ್ನು ಬಿಟ್ಟುಬಿಡುತ್ತದೆ. ಪರದೆಯ ಮೇಲೆ 1 ಫೈಲ್ ಕಾಪಿಯಾಯಿತು ಎಂದು ಬರುತ್ತದೆ, ಕಮಾಂಡಿನ ಸೋಲು ಗೆಲುವು ತಿಳಿಸುವ ಎರರ್‌ಲೆವೆಲ್ ಸಂಖ್ಯೆ 0 (ದೋಷವಿಲ್ಲ) ಇರುತ್ತದೆ. ಬ್ಯಾಚ್ ಫೈಲಿನೊಳಗೆ ಓಡುವಾಗ ಹಳೆಯ ಫೈಲಿನ ಮೇಲೆ ಬರೆಯಲೇ ಎಂದು ಕಾಪಿ ಕೇಳುವುದೂ ಇಲ್ಲ. ಹಾಗಾಗಿ ಪ್ರತಿ ರಾತ್ರಿ ಅದೇ ಕೆಲಸಕ್ಕೆ ಬಾರದ ಫೈಲ್ ಹೊಸದಾಗಿ ತಯಾರಾಗುತ್ತಿರುತ್ತದೆ. ಡೇಟಾ ಬೇಕೆಂದು ಹುಡುಕಿದ ದಿನವಷ್ಟೇ ಗೊತ್ತಾಗುವುದು.

ಅದಕ್ಕೆಂದೇ ತಪಾಸಣೆ ಹಾಕಿದ್ದೇವಲ್ಲ ಎನ್ನುವವರ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: ಇಫ್ ಎಕ್ಸಿಸ್ಟ್ ಡಿ:\ಬ್ಯಾಕಪ್. ಇದು ಕೇಳುವುದು ಆ ಹೆಸರಿನದು ಏನಾದರೂ ಇದೆಯೇ ಎಂದು ಮಾತ್ರ. ಫೈಲ್ ಇದ್ದರೂ ಹೌದು, ಫೋಲ್ಡರ್ ಇದ್ದರೂ ಹೌದು. ಮೇಲೆ ಹೇಳಿದ ಕಲಸುಮೇಲೋಗರದ ಫೈಲ್ ಒಮ್ಮೆ ಹುಟ್ಟಿತೆಂದರೆ ಈ ತಪಾಸಣೆ ದಿನವೂ ಪಾಸಾಗುತ್ತದೆ. ಸರಿಯಾದ ಸಾಲು ಇದು:

ಇಫ್ ನಾಟ್ ಎಕ್ಸಿಸ್ಟ್ "ಡಿ:\ಬ್ಯಾಕಪ್\" ಎಂಡಿ "ಡಿ:\ಬ್ಯಾಕಪ್" || ಗೋಟು ದೋಷ

ಹೆಸರಿನ ಕೊನೆಗೆ ಬ್ಯಾಕ್‌ಸ್ಲ್ಯಾಶ್ ಬಂದರೆ ಫೋಲ್ಡರ್ ಮಾತ್ರ ಲೆಕ್ಕಕ್ಕೆ ಬರುತ್ತದೆ. ಅದು ಇಲ್ಲದಿದ್ದರೆ ಎಂಡಿ ಹೊಸದಾಗಿ ಮಾಡುತ್ತದೆ. ಅದೇ ಹೆಸರಿನ ಫೈಲ್ ಕುಳಿತಿದ್ದರೆ ಎಂಡಿ ಸೋಲುತ್ತದೆ, ಎರಡು ನಿಲುವುಗೆರೆಗಳ ನಂತರದ ಭಾಗ ಓಡಿ, ಬ್ಯಾಚ್ ಫೈಲಿನಲ್ಲೇ ಗುರುತಿಟ್ಟ ದೋಷ ಎಂಬ ಲೇಬಲ್‌ಗೆ ಹೋಗುತ್ತದೆ. ಕಾಪಿಯ ಗುರಿಗೂ ಹಾಗೆಯೇ ಬ್ಯಾಕ್‌ಸ್ಲ್ಯಾಶ್ ಕೊಡಿ: "ಡಿ:\ಬ್ಯಾಕಪ್\" ಎಂದು ಬರೆದರೆ, ಫೋಲ್ಡರ್ ಇಲ್ಲದಾಗ ಕಾಪಿ ಹೊಸ ಫೈಲ್ ಹುಟ್ಟಿಸುವ ಬದಲು ದಾರಿ (ಡ್ರೈವ್, ಫೋಲ್ಡರುಗಳ ಪೂರ್ತಿ ವಿಳಾಸ) ಸಿಗಲಿಲ್ಲವೆಂದು ನಿಲ್ಲುತ್ತದೆ. ಎಕ್ಸ್‌ಕಾಪಿ ಎಂಬ ಇನ್ನೊಂದು ನಕಲು ಕಮಾಂಡ್ ಆದರೆ, ಗುರಿ ಇಲ್ಲದಾಗ ಅದು ಫೈಲೋ ಫೋಲ್ಡರೋ ಎಂದು ಪ್ರಶ್ನೆ ಕೇಳಿ ಕಾಯುತ್ತದೆ. ಮಧ್ಯರಾತ್ರಿ ಉತ್ತರ ಕೊಡುವವರು ಯಾರೂ ಇರುವುದಿಲ್ಲ. ಬಹಳ ಜನ ಗುರಿ ಫೋಲ್ಡರೇ ಎಂದು ತಿಳಿಸುವ /ಐ ಹಾಕಿ ಬಿಡುತ್ತಾರೆ, ಆದರೆ ಒಂದೇ ಫೈಲ್ ಕಾಪಿ ಮಾಡುವಾಗ /ಐ ಇದ್ದರೂ ಆ ಪ್ರಶ್ನೆ ಬರುತ್ತದೆ. ಅಲ್ಲಿಯೂ ಕೊನೆಯ ಬ್ಯಾಕ್‌ಸ್ಲ್ಯಾಶೇ ಪರಿಹಾರ.

ರೋಬೋಕಾಪಿ ಎಂಬ ನಕಲು ಕಮಾಂಡಿಗೆ ಮಾತ್ರ ಇದು ತಿರುಗುಬಾಣ. ಬ್ಯಾಕ್‌ಸ್ಲ್ಯಾಶ್ ಆದ ಕೂಡಲೇ ಬರುವ ಡಬಲ್ ಕೋಟನ್ನು ಅದು ಹೆಸರಿನ ಭಾಗವೆಂದು ಓದುತ್ತದೆ, ಮುಂದಿನ ದಾರಿಯೆಲ್ಲ ಅದಕ್ಕೇ ಅಂಟಿಕೊಳ್ಳುತ್ತದೆ. ಆದ್ದರಿಂದ ರೋಬೋಕಾಪಿಗೆ ಬ್ಯಾಕ್‌ಸ್ಲ್ಯಾಶ್ ಇಲ್ಲದೆ ಕೊಡಿ. ಗುರಿ ಫೋಲ್ಡರನ್ನು ಅದೇ ಮಾಡಿಕೊಳ್ಳುತ್ತದೆ. ಅದು ಹಿಂದಿರುಗಿಸುವ 1ರಿಂದ 7ರವರೆಗಿನ ಸಂಖ್ಯೆಗಳು ಸೋಲಲ್ಲ, 8 ಅಥವಾ ಮೇಲೆ ಬಂದರೆ ಮಾತ್ರ ಏನೋ ಕಾಪಿಯಾಗಿಲ್ಲ ಎಂದರ್ಥ.

ಫೋಲ್ಡರಿನ ಹೆಸರಿನ ಕೊನೆಗೆ \ನಲ್ ಸೇರಿಸಿ ನೋಡುವ ಉಪಾಯ ಡಾಸ್ ಕಾಲದ್ದು. ಆಗ ನಲ್ ಎಂಬ ಸಾಧನದ ಹೆಸರು ಪ್ರತಿ ಫೋಲ್ಡರಿನಲ್ಲೂ ಇದ್ದಂತೆ ತೋರುತ್ತಿತ್ತು. ನೆಟ್‌ವರ್ಕ್ ದಾರಿಗಳಲ್ಲಿ ಅದು ನಂಬಿಕೆಗೆ ಅರ್ಹವಲ್ಲ. ಹಳೆಯ ಫೈಲುಗಳಲ್ಲಿ ಕಂಡರೆ ತೆಗೆದುಹಾಕಿ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು. ದಾರಿಯನ್ನು ಮತ್ತೆ ಮತ್ತೆ ಬರೆಯುವ ಬದಲು ಗುರಿ ಎಂಬ ವೇರಿಯಬಲ್‌ನಲ್ಲಿಟ್ಟು ಇಫ್ ಎಕ್ಸಿಸ್ಟ್ "%ಗುರಿ%\" ಎಂದು ಬರೆಯುತ್ತೀರಿ. ಮೇಲೆಲ್ಲೋ ಹೆಸರು ತಪ್ಪಿ ಬರೆದದ್ದರಿಂದ ಗುರಿ ಖಾಲಿ. ಆಗ ಉಳಿಯುವುದು "\" ಮಾತ್ರ, ಅಂದರೆ ಈಗಿರುವ ಡ್ರೈವಿನ ಬುಡ. ಅದು ಯಾವತ್ತೂ ಇರುತ್ತದೆ, ತಪಾಸಣೆ ಪಾಸು. ಅದರ ಕೆಳಗಿನ ಸಾಲು ಹಳೆಯ ಬ್ಯಾಕಪ್ ಅಳಿಸುವ ಆರ್‌ಡಿ /ಎಸ್ /ಕ್ಯೂ "%ಗುರಿ%\" ಆಗಿದ್ದರೆ ಅನಾಹುತ ಊಹಿಸಿಕೊಳ್ಳಿ. ಆದ್ದರಿಂದ ಫೋಲ್ಡರ್ ನೋಡುವ ಮೊದಲೇ ಈ ಸಾಲು ಇರಲೇಬೇಕು:

ಇಫ್ ನಾಟ್ ಡಿಫೈನ್ಡ್ ಗುರಿ ಗೋಟು ದೋಷ

ವೇರಿಯಬಲ್‌ಗೆ ಬೆಲೆ ಕೊಡುವಾಗ ಸಮ ಚಿಹ್ನೆಯ ಅಕ್ಕಪಕ್ಕ ಜಾಗ ಬಿಡಬೇಡಿ. ಸೆಟ್ ಗುರಿ = ಡಿ:\ಬ್ಯಾಕಪ್ ಎಂದರೆ, ಕೊನೆಗೊಂದು ಸ್ಪೇಸ್ ಅಂಟಿದ ಬೇರೆಯೇ ಹೆಸರಿನ ವೇರಿಯಬಲ್ ಹುಟ್ಟುತ್ತದೆ, ನಿಮ್ಮ ಗುರಿ ಖಾಲಿಯೇ ಉಳಿಯುತ್ತದೆ. ಸೆಟ್ "ಗುರಿ=ಡಿ:\ಬ್ಯಾಕಪ್" ಎಂದು ಇಡೀ ಭಾಗವನ್ನು ಕೋಟಿನೊಳಗೆ ಬರೆಯುವುದೇ ಒಳ್ಳೆಯ ಅಭ್ಯಾಸ.

ಫೋಲ್ಡರ್ ಇಲ್ಲದಿದ್ದರೆ ಮಾಡಿಬಿಡು ಎಂಬುದು ಎಲ್ಲ ಕಡೆಗೂ ಹೊಂದುವ ನಿಯಮವಲ್ಲ. ಗುರಿ ಹೊರಗಿನ ಹಾರ್ಡ್‌ಡಿಸ್ಕ್ ಆಗಿದ್ದಾಗ, ಅದರ ಅಕ್ಷರ ನಿನ್ನೆ ಇ, ಇವತ್ತು ಎಫ್ ಆಗಬಹುದು. ಇ ಜಾಗದಲ್ಲಿ ಬೇರೆ ಯಾರದೋ ಪೆನ್‌ಡ್ರೈವ್ ಇದ್ದರೆ ಎಂಡಿ ಅದರಲ್ಲೇ ಫೋಲ್ಡರ್ ಮಾಡಿ ಕಚೇರಿಯ ಲೆಕ್ಕವನ್ನು ಅಲ್ಲಿ ತುಂಬುತ್ತದೆ. ಬ್ಯಾಕಪ್ ಡಿಸ್ಕಿನಲ್ಲಿ ಮೊದಲೇ ಒಂದು ಚಿಕ್ಕ ಗುರುತಿನ ಫೈಲ್ ಇಟ್ಟು, ಅದು ಸಿಕ್ಕರೆ ಮಾತ್ರ ಮುಂದುವರಿಯಿರಿ. ಎಂಡಿ ಬಳಸಬೇಕಾದ್ದು ಅದರೊಳಗಿನ ದಿನಾಂಕದ ಉಪಫೋಲ್ಡರಿಗೆ. ಅಲ್ಲಿಯೂ ಇವತ್ತಿನ ದಿನಾಂಕ ಕೊಡುವ %ಡೇಟ್% ಅನ್ನು ಹಾಗೇ ಹೆಸರಾಗಿ ಬಳಸಬೇಡಿ. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಬದಲಾದರೆ ದಿನಾಂಕದಲ್ಲಿ ಓರೆಗೆರೆ ಬಂದು ದಾರಿಯೇ ಮುರಿಯುತ್ತದೆ.

ಸರ್ವರಿನ ಹಂಚಿಕೆಯ ಫೋಲ್ಡರಿಗೆ ಜೆಡ್: ಎಂಬಂಥ ಮ್ಯಾಪ್ ಮಾಡಿದ (ಆ ಫೋಲ್ಡರಿಗೆ ಜೋಡಿಸಿದ) ಡ್ರೈವ್ ಅಕ್ಷರ ಬಳಸಿದರೆ, ಕೈಯಿಂದ ಓಡಿಸಿದಾಗ ಎಲ್ಲ ಸರಿ, ಶೆಡ್ಯೂಲರಿನಲ್ಲಿ ಮಾತ್ರ ಫೋಲ್ಡರ್ ಇಲ್ಲ ಎನ್ನುತ್ತದೆ. ಮ್ಯಾಪ್ ಮಾಡಿದ ಅಕ್ಷರ ಆ ಬಳಕೆದಾರರ ಲಾಗಿನ್‌ಗೆ ಸೇರಿದ್ದು. ಅಡ್ಮಿನ್ ಆಗಿ ತೆರೆದ ಕಮಾಂಡ್ ವಿಂಡೋಗೂ ಅದು ಸಾಮಾನ್ಯವಾಗಿ ಕಾಣುವುದಿಲ್ಲ. \\ಸರ್ವರ್\ಲೆಕ್ಕ\ ಎಂಬ ಪೂರ್ತಿ ದಾರಿಯನ್ನೇ ಬರೆಯಿರಿ.

ಜೂನ್ ಜುಲೈಯಲ್ಲಿ ಗಾಳಿಮಳೆಗೆ ಕರೆಂಟ್ ಹೋಗಿ ಬರುವುದು ನಮ್ಮ ಕರಾವಳಿಯಲ್ಲಿ ಮಾಮೂಲು. ಕರೆಂಟ್ ಬಂದಾಗ ಕಂಪ್ಯೂಟರ್ ಮೊದಲು ಏಳುತ್ತದೆ, ನೆಟ್‌ವರ್ಕ್ ಡಿಸ್ಕ್ ನಿಧಾನವಾಗಿ ಬರುತ್ತದೆ. ಆ ಹೊತ್ತಿಗೆ ಬ್ಯಾಚ್ ಫೈಲ್ ಓಡಿದರೆ ಇಫ್ ಎಕ್ಸಿಸ್ಟ್ ಇಲ್ಲ ಎನ್ನುತ್ತದೆ. ಫೋಲ್ಡರ್ ನಿಜಕ್ಕೂ ಇಲ್ಲವೋ, ಸಂಪರ್ಕ ಇಲ್ಲವೋ, ಪ್ರವೇಶದ ಅನುಮತಿ ಇಲ್ಲವೋ, ಮೂರಕ್ಕೂ ಅದು ಕೊಡುವುದು ಒಂದೇ ಉತ್ತರ. ಒಂದೇ ಸಲಕ್ಕೆ ಕೈಬಿಡದೆ, ಅರ್ಧ ನಿಮಿಷ ಬಿಟ್ಟು ಮತ್ತೆ ನೋಡುವಂತೆ ಹತ್ತು ಸುತ್ತು ಹಾಕಿ. ಕಾಯಿಸಲು ಪಿಂಗ್ -ಎನ್ 31 127.0.0.1 ಸಾಕು, ಅದು ಸುಮಾರು 30 ಸೆಕೆಂಡ್ ತೆಗೆದುಕೊಳ್ಳುತ್ತದೆ. ಟೈಮ್‌ಔಟ್ ಕಮಾಂಡ್ ಕೀಬೋರ್ಡಿನ ಸಂಪರ್ಕ ಬಯಸುವುದರಿಂದ ಹಿನ್ನೆಲೆಯಲ್ಲಿ ಓಡುವಾಗ ಕಾಯದೆ ಹೊರಬೀಳಬಹುದು.

ಫೋಲ್ಡರಿನ ಹೆಸರು ಕನ್ನಡದಲ್ಲೇ ಇದ್ದರೆ ಎರಡು ಎಚ್ಚರ. ಬ್ಯಾಚ್ ಫೈಲನ್ನು ಯುಟಿಎಫ್-8 ಎಂಬ ಅಕ್ಷರ ಸಂಕೇತದಲ್ಲಿ ಉಳಿಸಿ, ಅದೇ ಸಂಕೇತದಲ್ಲಿ ಓದು ಎಂದು ಹೇಳಲು ಮೇಲ್ಗಡೆ ಸಿಎಚ್‌ಸಿಪಿ 65001 ಎಂದು ಬರೆಯಿರಿ. ಇಲ್ಲವಾದರೆ ಕಮಾಂಡ್ ಪ್ರಾಂಪ್ಟ್ ಆ ಬೈಟುಗಳನ್ನು ಬೇರೆ ಅಕ್ಷರಗಳೆಂದು ಓದಿ, ಕಣ್ಣೆದುರಿಗಿರುವ ಫೋಲ್ಡರನ್ನೂ ಇಲ್ಲ ಎನ್ನುತ್ತದೆ. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಬಿಒಎಂ (ಫೈಲಿನ ಆರಂಭದಲ್ಲಿ ಸೇರುವ ಮೂರು ಬೈಟುಗಳ ಗುರುತು) ಇಲ್ಲದ ಯುಟಿಎಫ್-8 ಆರಿಸಿ. ಬಿಒಎಂ ಇದ್ದರೆ ಆ ಮೂರು ಬೈಟುಗಳು ಮೊದಲ ಸಾಲಿನ ಎಕೋ ಆಫ್‌ಗೆ ಅಂಟಿಕೊಂಡು ಆ ಕಮಾಂಡೇ ಗುರುತು ಸಿಗದಂತಾಗುತ್ತದೆ.