ಬಸಿದ ಕಟ್ಟಿನಲ್ಲಿರುವ ರುಚಿ

ಮಂಡ್ಯ, ಮೈಸೂರು ಕಡೆಯ ಬಸ್ಸಾರಿಗೆ ಬೇಕಾಗುವ ಸಾಮಾನು ಬಲು ಕಡಿಮೆ. ಒಂದು ಕಂತೆ ದಂಟಿನ ಸೊಪ್ಪು, ಒಂದೆರಡು ಹಿಡಿ ಅಲಸಂದೆ ಕಾಳು ಅಥವಾ ತೊಗರಿಬೇಳೆ, ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳು ಮೆಣಸು, ಚೂರು ತೆಂಗಿನಕಾಯಿ, ಹುಣಸೆಹಣ್ಣು. ಗೋಡಂಬಿ, ಬೆಣ್ಣೆಯಂಥ ದುಬಾರಿ ವಸ್ತುಗಳ ಸುಳಿವೇ ಇಲ್ಲ. ಆದರೂ ಬಿಸಿ ಮುದ್ದೆಯೊಂದಿಗೆ ಉಣ್ಣುವಾಗ ಬೇರೇನೂ ಬೇಕೆನ್ನಿಸುವುದಿಲ್ಲ. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟೊಂದು ರುಚಿ ಎಲ್ಲಿಂದ ಬರುತ್ತದೆ? ಒಲೆಯ ಮುಂದೆ ನಡೆಯುವ ಕೆಲಸಗಳನ್ನು ಒಂದೊಂದಾಗಿ ಗಮನಿಸಿದರೆ ಉತ್ತರ ಸಿಗುತ್ತದೆ.

ಕಾಳು ಮುಕ್ಕಾಲು ಬೆಂದ ಮೇಲೆ ಹೆಚ್ಚಿದ ಸೊಪ್ಪು ಹಾಕಿ, ಅದು ಬಾಡಿ ಬೆಂದ ತಕ್ಷಣ ಪಾತ್ರೆಯ ಬಾಯಿಗೆ ತಟ್ಟೆ ಒತ್ತಿ ಹಿಡಿದು ನೀರನ್ನು ಬಸಿಯುತ್ತಾರೆ. ಕಾಳು, ಸೊಪ್ಪು ಪಲ್ಯವಾಗುತ್ತದೆ. ಬಸಿದ ನೀರು, ಅಂದರೆ ಕಟ್ಟು, ಸಾರಾಗುತ್ತದೆ. ಒಂದೇ ಪಾತ್ರೆ, ಒಂದೇ ಉರಿ, ಎರಡು ಪದಾರ್ಥ. ಇಲ್ಲಿನ ಜಾಣತನವೆಲ್ಲ ಆ ಕಟ್ಟಿನಲ್ಲಿದೆ. ಬೇಯುವಾಗ ಸೊಪ್ಪಿನ ಜೀವಕೋಶಗಳ ಗೋಡೆ ಸಡಿಲಗೊಂಡು ಒಳಗಿನ ಪೊಟ್ಯಾಸಿಯಂ, ಫೋಲೇಟ್, ಸಿ ಜೀವಸತ್ವ ನೀರಿಗಿಳಿಯುತ್ತವೆ. ಸಿ ಜೀವಸತ್ವದ ಒಂದಷ್ಟು ಭಾಗ ಬಿಸಿಗೆ ನಾಶವಾಗುತ್ತದೆ, ಉಳಿದದ್ದು ಕಟ್ಟಿನಲ್ಲಿರುತ್ತದೆ. ಕಾಳಿನಿಂದ ತುಸು ಪಿಷ್ಟ ಬಿಟ್ಟುಕೊಂಡು ನೀರಿಗೆ ಮೈ ಬರುತ್ತದೆ. ಜೊತೆಗೆ ಸೊಪ್ಪು, ಕಾಳುಗಳಲ್ಲಿ ಬಿಡಿಬಿಡಿಯಾಗಿರುವ ಅಮೈನೋ ಆಮ್ಲಗಳೂ ಕರಗುತ್ತವೆ. ಗ್ಲುಟಾಮಿಕ್ ಆಮ್ಲ ಅವುಗಳಲ್ಲೊಂದು.

ನಾಲಿಗೆ ಸಿಹಿ, ಹುಳಿ, ಉಪ್ಪು, ಕಹಿಗಳಲ್ಲದೆ ಇನ್ನೊಂದು ರುಚಿಯನ್ನೂ ಗುರುತಿಸುತ್ತದೆ. 1908ರಲ್ಲಿ ಜಪಾನಿನ ರಸಾಯನಶಾಸ್ತ್ರಜ್ಞ ಕಿಕುನೆ ಇಕೆಡಾ ಕಡಲಪಾಚಿ ಬೇಯಿಸಿದ ತಿಳಿಯ ರುಚಿಗೆ ಗ್ಲುಟಾಮೇಟ್, ಅಂದರೆ ಇದೇ ಗ್ಲುಟಾಮಿಕ್ ಆಮ್ಲದ ಲವಣರೂಪ, ಕಾರಣವೆಂದು ಕಂಡುಹಿಡಿದು, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಅವರು ಪರೀಕ್ಷಿಸಿದ್ದೂ ಒಂದು ಬಗೆಯ ಕಟ್ಟನ್ನೇ. ಉಪ್ಪು ಸೇರಿದಾಗ ಈ ರುಚಿ ಎದ್ದು ಕಾಣುತ್ತದೆ. ಉಪ್ಸಾರಿನಂಥ ತೆಳ್ಳನೆಯ ಕಟ್ಟು ಬರೀ ಉಪ್ಪಿನಲ್ಲೇ ರುಚಿಗೊಳ್ಳಲು ಇದೂ ಒಂದು ಕಾರಣ. ಟೊಮೆಟೊ ಹಾಕುವವರಿಗೆ ಇನ್ನೊಂದು ಲಾಭವಿದೆ: ಹಣ್ಣು ಮಾಗಿದಷ್ಟೂ ಅದರಲ್ಲಿ ಗ್ಲುಟಾಮೇಟ್ ಹೆಚ್ಚುತ್ತದೆ. ಬೀಜದ ಸುತ್ತಲಿನ ಲೋಳೆಯಲ್ಲಂತೂ ತಿರುಳಿಗಿಂತ ಹೆಚ್ಚು. ಸಂಜೆ ಹೊತ್ತು ಮಾರುಕಟ್ಟೆಯಲ್ಲಿ ಮೆತ್ತಗಾಗಿದೆ ಎಂದು ಕಡಿಮೆ ಬೆಲೆಗೆ ಕೊಡುವ, ಆದರೆ ಕೊಳೆಯದ ಹಣ್ಣೇ ಸಾರಿಗೆ ಶ್ರೇಷ್ಠ. ಹೊಳೆಯುವ ಗಟ್ಟಿ ಟೊಮೆಟೊಗೆ ದುಡ್ಡು ಸುರಿದು ಅದರ ಬೀಜವನ್ನು ತೆಗೆದೆಸೆಯುವುದು ನಿಜಕ್ಕೂ ನಷ್ಟ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ದಂಟು, ಕೀರೆಯಂಥ ಸೊಪ್ಪುಗಳಲ್ಲಿರುವ, ಮೂತ್ರಪಿಂಡದ ಕಲ್ಲಿಗೆ ಕಾರಣವಾಗಬಲ್ಲ ಆಕ್ಸಲೇಟ್ ಕೂಡ ಈ ನೀರಿಗೇ ಇಳಿಯುತ್ತದೆ. ಮೂತ್ರಪಿಂಡದಲ್ಲಿ ಕಲ್ಲಾಗುವ ತೊಂದರೆ ಇರುವವರು ಸೊಪ್ಪಿನ ಕಟ್ಟನ್ನು ಬಿಟ್ಟು, ಬರೀ ಕಾಳಿನ ಕಟ್ಟಿನಲ್ಲಿ ಸಾರು ಮಾಡಿಕೊಳ್ಳುವುದು ಒಳ್ಳೆಯದು.

ಕಟ್ಟೊಂದರಿಂದಲೇ ಬಸ್ಸಾರಾಗುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿರುವ ಮೈಸೂರಿನಲ್ಲಿ ನೀರು 97–98 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಉರಿ ಎಷ್ಟೇ ದೊಡ್ಡದು ಮಾಡಿದರೂ ತೆರೆದ ಪಾತ್ರೆಯ ನೀರು ಬೇಗ ಆವಿಯಾಗುತ್ತದೆಯೇ ಹೊರತು ಬಿಸಿ ಅದಕ್ಕಿಂತ ಮೇಲೇರುವುದಿಲ್ಲ. ಆದರೆ ಹುರಿದ, ಸುಟ್ಟ ಪದಾರ್ಥದ ಕಂದುಬಣ್ಣ ಮತ್ತು ಘಮ ಬೇಗ ಹುಟ್ಟಬೇಕಾದರೆ ಸುಮಾರು 140 ಡಿಗ್ರಿಗೂ ಮೇಲಿನ ಬಿಸಿ ಬೇಕು. ಸಕ್ಕರೆಯ ಅಂಶಗಳೂ ಅಮೈನೋ ಆಮ್ಲಗಳೂ ಸೇರಿ ನೂರಾರು ಪರಿಮಳಗಳನ್ನು ಹುಟ್ಟಿಸುವ ಈ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಾಮಿಲ್ ಮಯಾರ್ 1912ರಲ್ಲಿ ವಿವರಿಸಿದರು. ಹಾಗಾಗಿಯೇ ಬಸ್ಸಾರಿನ ಈರುಳ್ಳಿ, ಬೆಳ್ಳುಳ್ಳಿ ನೀರಿಗೆ ಬೀಳುವ ಮೊದಲು ಕೆಂಡಕ್ಕೆ ಬೀಳುತ್ತವೆ. ಕೆಂಡವಿಲ್ಲದ ಮನೆಯಲ್ಲಿ ಕಬ್ಬಿಣದ ಕಾವಲಿಯೇ ಸಾಕು, ಎಣ್ಣೆ ಬೇಡ.

ಸುಡುತ್ತಿರುವ ಈರುಳ್ಳಿಯನ್ನು ಸ್ವಲ್ಪ ಗಮನಿಸಿ ನೋಡಿ. ಹೊರಸಿಪ್ಪೆ ಕಪ್ಪಾಗಿ ಸೀಯುತ್ತದೆ. ಅದರ ಕೆಳಗಿನ ಪದರ ಕಂದು ಬಣ್ಣಕ್ಕೆ ತಿರುಗಿ ಅಂಚಿನಲ್ಲಿ ರಸ ಗುಳ್ಳೆಯೇಳುತ್ತದೆ. ಒಳತಿರುಳು ತನ್ನ ನೀರಿನಲ್ಲೇ ಬೆಂದು ಪಾರದರ್ಶಕವಾಗುತ್ತದೆ. ಸೀದ ಸಿಪ್ಪೆಯನ್ನು ತೆಗೆದು ಉಳಿದದ್ದನ್ನು ರುಬ್ಬಿದರೆ ಕಂದು ಪದರದ ಘಮವೂ ತಿರುಳಿನ ಸಿಹಿಯೂ ಒಟ್ಟಿಗೆ ಸಾರಿಗೆ ಸೇರುತ್ತವೆ. ಬೆಳ್ಳುಳ್ಳಿಯ ಕಥೆ ಬೇರೆ. ಹಸಿ ಎಸಳನ್ನು ಜಜ್ಜಿದಾಗ ಅದರೊಳಗಿನ ಒಂದು ಕಿಣ್ವ ಅಲಿಸಿನ್ ಎಂಬ ಘಾಟಿನ ವಸ್ತುವನ್ನು ತಯಾರಿಸುತ್ತದೆ. ಇಡಿಯಾಗಿ ಸುಟ್ಟರೆ ಆ ಕಿಣ್ವ ಬಿಸಿಗೆ ಕೆಟ್ಟು ಘಾಟು ಹುಟ್ಟುವುದೇ ಇಲ್ಲ. ಉಪ್ಸಾರಿನ ಖಾರಕ್ಕೆ ಹಸಿ ಬೆಳ್ಳುಳ್ಳಿಯನ್ನೂ ಬಸ್ಸಾರಿಗೆ ಸುಟ್ಟದ್ದನ್ನೂ ಬಳಸಿದಾಗ ರುಚಿ ಅಷ್ಟು ಬೇರೆಯಾಗುವುದು ಇದರಿಂದಲೇ.

ಎಣ್ಣೆ ಕೊನೆಯಲ್ಲಿ, ಒಂದೇ ಚಮಚ. ಮೆಣಸಿನಕಾಯಿಯ ಖಾರ, ಕರಿಬೇವಿನ ಪರಿಮಳ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತವೆ. ಬೀಜದೊಳಗಿನ ತೇವ ಆವಿಯಾಗಿ ಸಾಸಿವೆ ಸಿಡಿಯುವಾಗ ಎಣ್ಣೆ ಸಾಕಷ್ಟು ಕಾದಿದೆ ಎಂದರ್ಥ. ಒಗ್ಗರಣೆ ಸಾರಿನ ಮೇಲೆ ತೇಲುವುದರಿಂದ ತುತ್ತಿಗೆ ಮೊದಲೇ ಘಮ ಮೂಗಿಗೆ ಮುಟ್ಟುತ್ತದೆ. ರುಚಿ ಎಂದು ನಾವು ಅನುಭವಿಸುವುದರಲ್ಲಿ ಮೂಗಿನ ಪಾಲು ದೊಡ್ಡದು.

ಇನ್ನು ಗ್ಯಾಸ್ ಉಳಿತಾಯ. ಕಾಳನ್ನು ರಾತ್ರಿಯೇ ನೆನೆಹಾಕಿದರೆ ಬೇಯುವ ಹೊತ್ತು ಬಹಳ ಕಡಿಮೆಯಾಗುತ್ತದೆ. ನೆನೆಸಿದ ನೀರನ್ನು ಚೆಲ್ಲಿದರೆ ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಸಕ್ಕರೆಗಳೂ ಒಂದಷ್ಟು ಹೋಗುತ್ತವೆ. ನೀರು ಕುದಿ ಬಂದ ಮೇಲೆ ಉರಿ ತಗ್ಗಿಸಿ ಮುಚ್ಚಿಡಬೇಕು. ಕುಕ್ಕರಿನಲ್ಲಿ ಒತ್ತಡದಿಂದಾಗಿ ನೀರು ಸುಮಾರು 120 ಡಿಗ್ರಿಯವರೆಗೂ ಕಾಯುತ್ತದೆ. ಮೊದಲ ಕೂಗಿನ ನಂತರ ಸಣ್ಣ ಉರಿ ಆ ಒತ್ತಡವನ್ನು ಉಳಿಸಿಕೊಳ್ಳಲು ಸಾಕು. ಹುಣಸೆಹಣ್ಣನ್ನು ಮಾತ್ರ ಯಾವತ್ತೂ ಮೊದಲೇ ಹಾಕಬಾರದು. ಹುಳಿ ಸೇರಿದರೆ ಕಾಳಿನ ಜೀವಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್ ಸಡಿಲಗೊಳ್ಳುವುದಿಲ್ಲ, ಎಷ್ಟು ಹೊತ್ತು ಕುದಿಸಿದರೂ ಕಾಳು ಗಟ್ಟಿಯಾಗಿಯೇ ಇರುತ್ತದೆ. ಕ್ಯಾಲ್ಸಿಯಂ ಹೆಚ್ಚಿರುವ ಕೊಳವೆಬಾವಿಯ ಗಡಸು ನೀರಿನ ಕಥೆಯೂ ಹೀಗೆಯೇ. ಬೇಯದ ಕಾಳಿಗೆ ಅಡುಗೆ ಸೋಡಾ ಹಾಕುವುದು ಸುಲಭದ ದಾರಿ, ಆದರೆ ಅದು ಬಿ1 ಜೀವಸತ್ವವನ್ನು ಹಾಳುಮಾಡುತ್ತದೆ. ನಾನಂತೂ ಸೋಡಾದ ಡಬ್ಬಿ ಮುಟ್ಟದೆ ಇನ್ನಷ್ಟು ಹೊತ್ತು ನೆನೆಸಿ ಎನ್ನುತ್ತೇನೆ.

ತಟ್ಟೆಯಲ್ಲಿ ಇದಕ್ಕೆ ಜೊತೆಯಾಗುವ ಮುದ್ದೆಯೂ ಬಡವರ ಊಟವೆಂದು ತಾತ್ಸಾರ ಮಾಡುವಂಥದ್ದಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅಕ್ಕಿಗಿಂತ ಹತ್ತಾರು ಪಟ್ಟು ಹೆಚ್ಚು. ರಾಗಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಮೆಥಿಯೋನಿನ್ ಎಂಬ ಇನ್ನೊಂದು ಚೆನ್ನಾಗಿದೆ. ಕಾಳಿನಲ್ಲಿ ಇದಕ್ಕೆ ತದ್ವಿರುದ್ಧ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ ಎಂದೇ ಹೆಸರಾದ ವಿಜ್ಞಾನಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಸಂಕರಗೊಳಿಸಿ ಹೆಚ್ಚು ಇಳುವರಿಯ ಇಂಡಾಫ್ ತಳಿಗಳನ್ನು ರೂಪಿಸಿದರು. ಈ ಸೀಮೆಯ ಊಟದ ತಟ್ಟೆ ಅವರಿಗೆ ಋಣಿಯಾಗಿದೆ.

ಬಸ್ಸಾರು ಮಾಡಿದ ಮರುದಿನ ಇನ್ನೂ ರುಚಿ ಎಂದು ಹಳ್ಳಿಗಳಲ್ಲಿ ಹೇಳುತ್ತಾರೆ. ರಾತ್ರಿಯಿಡೀ ಇದ್ದಾಗ ಮಸಾಲೆಯ ಬಿಡಿ ಘಾಟುಗಳು ತಗ್ಗಿ ಒಂದರೊಳಗೊಂದು ಬೆರೆಯುತ್ತವೆ, ಮತ್ತೆ ಕುದಿಸಿದಾಗ ನೀರು ಇಂಗಿ ಸಾರು ಗಟ್ಟಿಯಾಗುತ್ತದೆ. ಆದರೆ ಪಿಷ್ಟ, ಪ್ರೋಟೀನು ತುಂಬಿರುವ ಕಟ್ಟು ಬೇಸಿಗೆಯಲ್ಲಿ ಬೇಗ ಹಳಸುತ್ತದೆ. ಮಲಗುವ ಮುನ್ನ ಒಂದು ಕುದಿ ಕುದಿಸಿ, ಸೌಟು ಆಡಿಸದೆ ಮುಚ್ಚಿ, ಬಿಸಿ ಆರಿದ ಕೂಡಲೇ ಫ್ರಿಜ್ಜಿನಲ್ಲಿಡಬೇಕು. ಬೆಳಿಗ್ಗೆ ಬೇಕಾದಷ್ಟನ್ನೇ ತೆಗೆದು ಕುದಿಸಿಕೊಂಡರೆ ಉಳಿದದ್ದು ರಾತ್ರಿಯ ಊಟಕ್ಕೂ ಬರುತ್ತದೆ.