ನಮ್ಮದು ಬರೀ ಸೈಕ್ಲೋನ್, ಅವರದು ಹರಿಕೇನ್?

ಮಕ್ಕಳು ಅಮೆರಿಕದಲ್ಲಿರುವ ಅಪ್ಪ ಅಮ್ಮಂದಿರು ಆಗಸ್ಟ್ ಬಂತೆಂದರೆ ಫೋನ್ ಮಾಡುತ್ತಾರೆ. "ಸರ್, ಫ್ಲಾರಿಡಾಕ್ಕೆ ಹರಿಕೇನ್ ಬರ್ತಿದೆಯಂತೆ. ನಮ್ಮ ಸೈಕ್ಲೋನ್‌ಗಿಂತ ಜಾಸ್ತಿ ಜೋರು ಅಲ್ವಾ?" ಹವಾಮಾನದ ಕೆಲಸದಲ್ಲೇ ತಲೆ ನೆರೆಯಿತು, ಈ ಪ್ರಶ್ನೆ ಮಾತ್ರ ಬೆನ್ನು ಬಿಟ್ಟಿಲ್ಲ. ಅವರ ದಿಗಿಲು ನೋಡಿದರೆ ರೇಗಲೂ ಮನಸ್ಸಾಗದು.

ಎರಡೂ ಒಂದೇ ಚಂಡಮಾರುತ ಕಣ್ರೀ. ಅಟ್ಲಾಂಟಿಕ್‌ನಲ್ಲೋ ಪೆಸಿಫಿಕ್‌ನ ಅಮೆರಿಕದ ಕಡೆಯೋ ಎದ್ದರೆ ಹರಿಕೇನ್, ಪೆಸಿಫಿಕ್‌ನ ಜಪಾನ್ ಕಡೆ ಟೈಫೂನ್, ಬಂಗಾಳ ಕೊಲ್ಲಿಯಲ್ಲಿ ಸೈಕ್ಲೋನ್. 1994ರಲ್ಲಿ 'ಜಾನ್' ಎಂಬ ಹರಿಕೇನ್ ಪೆಸಿಫಿಕ್‌ನಲ್ಲಿ ಈ ಹೆಸರುಗಳ ಗಡಿಯಾದ 180 ಡಿಗ್ರಿ ರೇಖಾಂಶ ದಾಟಿ ಟೈಫೂನ್ ಆಯಿತು. ಹಿಂದಕ್ಕೆ ತಿರುಗಿ ಬಂದು ಮತ್ತೆ ಹರಿಕೇನ್ ಆಯಿತು!

ಹರಿಕೇನ್ ಮೂಲತಃ ಕೆರಿಬಿಯನ್ ದ್ವೀಪಗಳ ಟೈನೊ ಜನರ ಮಾತು. ಅಲ್ಲಿಗೆ ಹೋದ ಸ್ಪೇನಿನವರು ಅದನ್ನು 'ಹುರಕಾನ್' ಮಾಡಿಕೊಂಡರು, ಅವರಿಂದ ಇಂಗ್ಲಿಷಿಗೆ ಬಂತು. ಮಾಯಾ ಜನರ 'ಹುರಕಾನ್' ದೇವರೇ ಇದರ ಮೂಲ ಅಂತಲೂ ಹೇಳುವುದುಂಟು. ವಿದ್ವಾಂಸರಲ್ಲಿ ಒಮ್ಮತವಿಲ್ಲ, ನಾನೂ ಆಣೆ ಮಾಡಿ ಹೇಳಲಾರೆ. ಕೊಲಂಬಸ್‌ಗಂತೂ ಈ ಗಾಳಿಯ ಪರಿಚಯ ಚೆನ್ನಾಗಿತ್ತು. 1502ರಲ್ಲಿ ಹಿಸ್ಪಾನಿಯೊಲಾ ದ್ವೀಪದ ಗವರ್ನರ್‌ಗೆ ಬಿರುಗಾಳಿ ಬರುತ್ತಿದೆ, ಹಡಗುಗಳನ್ನು ಬಿಡಬೇಡಿ ಎಂದ. ಗವರ್ನರ್ ಕೇಳಲಿಲ್ಲ. ಚಿನ್ನ ತುಂಬಿ ಹೊರಟ ಹಡಗುಗಳಲ್ಲಿ ಹೆಚ್ಚಿನವು ಮುಳುಗಿದವು. ಮುನ್ಸೂಚನೆ ಕೊಡುವವರ ಪಾಡು ಅಂದೂ ಇಷ್ಟೇ!

ಇನ್ನು 'ಬರೀ' ಸೈಕ್ಲೋನ್. ಆ ಹೆಸರಿಟ್ಟವನು ಕಲ್ಕತ್ತಾದಲ್ಲಿದ್ದ ಹೆನ್ರಿ ಪಿಡಿಂಗ್ಟನ್. 1848ರಲ್ಲಿ ನಾವಿಕರಿಗಾಗಿ ಬರೆದ ಪುಸ್ತಕದಲ್ಲಿ, ಹಾವಿನ ಸುರುಳಿಯನ್ನೂ ಸೂಚಿಸುವ ಗ್ರೀಕ್ ಪದದಿಂದ ಅದನ್ನು ಕಟ್ಟಿದ. ಇವತ್ತು ಹರಿಕೇನನ್ನೂ ನಮ್ಮ ಶಾಸ್ತ್ರದಲ್ಲಿ ಉಷ್ಣವಲಯದ ಸೈಕ್ಲೋನ್ ಅಂತಲೇ ಕರೆಯುವುದು.

ಗೊಂದಲಕ್ಕೆ ಒಂದು ಕಾರಣ ಇದೆ, ಒಪ್ಪುತ್ತೇನೆ. ಅಲ್ಲಿ ಗಾಳಿ ಗಂಟೆಗೆ 119 ಕಿ.ಮೀ. ಮುಟ್ಟಿದರಷ್ಟೇ ಹರಿಕೇನ್. ನಮ್ಮಲ್ಲಿ 62ಕ್ಕೇ ಸೈಕ್ಲೋನ್ ಅಂತ ಹೆಸರು ಬೀಳುತ್ತದೆ. ಹಾಗಾಗಿ ಸಣ್ಣವೂ ಲೆಕ್ಕಕ್ಕೆ ಬರುತ್ತವೆ. ಆದರೆ 222 ಕಿ.ಮೀ. ಮುಟ್ಟುವ ಸೂಪರ್ ಸೈಕ್ಲೋನೂ ನಮ್ಮದೇ, 1999ರ ಒಡಿಶಾ ಮರೆತಿರಾ? 2021ರಲ್ಲಿ ಗುಜರಾತಿಗೆ ಬಡಿದ ತೌಕ್ತೆ ಅಟ್ಲಾಂಟಿಕ್‌ನಲ್ಲಿ ಎದ್ದಿದ್ದರೆ ಹರಿಕೇನೇ. ಹಾಗಂತ ಅಂಕಿಗಳನ್ನು ಸುಮ್ನೆ ಪಕ್ಕಪಕ್ಕ ಇಡಬೇಡಿ. ಅಮೆರಿಕದವರು ಒಂದು ನಿಮಿಷದ ಸರಾಸರಿ ಗಾಳಿ ಹೇಳುತ್ತಾರೆ, ನಮ್ಮ ಇಲಾಖೆ ಮೂರು ನಿಮಿಷದ್ದು.

ಮಗಳಿಗೆ ಫೋನ್ ಮಾಡಿದಾಗ ಹೆಸರಿನ ಚರ್ಚೆ ಬಿಡಿ. ಮನೆ ಸಮುದ್ರಕ್ಕೆ ಎಷ್ಟು ಹತ್ತಿರ, ಜಾಗ ತಗ್ಗಿನಲ್ಲಿದೆಯಾ, ಮನೆ ಬಿಡಲು ಸೂಚನೆ ಬಂದಿದೆಯಾ ಕೇಳಿ. ಬಂದಿದ್ದರೆ, ಇವತ್ತೇ ಹೊರಡಲು ಹೇಳಿ.