ಸಾರಿನಲ್ಲಿ ಬೇಳೆ ಎಷ್ಟಿದೆ?

ಕೈಯಲ್ಲಿರುವ ಅಷ್ಟಿಷ್ಟು ದುಡ್ಡಿನಲ್ಲೇ ಮನೆಮಂದಿ ಗಟ್ಟಿಯಾಗಿರಬೇಕು, ಏನು ಮಾಡೋಣ ಎಂದು ಕೇಳುವವರನ್ನು ಪಥ್ಯಾಹಾರ ತಜ್ಞರು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ. ತಿಂಗಳಿಗೆ ಎಷ್ಟು ಕೆಜಿ ಬೇಳೆ, ಕಾಳು ತರುತ್ತೀರಿ? ಅದಕ್ಕೆ ಬರುವ ಉತ್ತರ ಕೆಜಿಯಲ್ಲಿರುವುದಿಲ್ಲ. 'ದಿನಾ ಬೇಳೆಸಾರು ಮಾಡ್ತೀವಲ್ಲ ಮೇಡಂ' ಎಂದಿರುತ್ತದೆ. ಮತ್ತೆ ಮತ್ತೆ ಕೆದಕಿದರೆ ನಾಲ್ಕು ಜನರ ಮನೆಗೆ ಒಂದೂವರೆ ಕೆಜಿ ತೊಗರಿಬೇಳೆ, ಮೇಲೆ ಯಾವಾಗಲಾದರೂ ಕಾಲು ಕೆಜಿ ಕಾಳು ಎಂದು ಗೊತ್ತಾಗುತ್ತದೆ.

ಒಂದೂವರೆ ಕೆಜಿಯನ್ನು ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 50 ಗ್ರಾಂ. ಅದನ್ನು ನಾಲ್ಕು ತಟ್ಟೆಗೆ ಹಂಚಿದರೆ ತಲೆಗೆ ಹನ್ನೆರಡೂವರೆ ಗ್ರಾಂ. ತೊಗರಿಬೇಳೆಯ ಪ್ರೋಟೀನು ನೂರು ಗ್ರಾಮಿಗೆ ಸುಮಾರು 22 ಗ್ರಾಂ. ಹಾಗಾದರೆ ಇಡೀ ದಿನದಲ್ಲಿ ಬೇಳೆಯಿಂದ ಒಬ್ಬರಿಗೆ ದಕ್ಕಿದ್ದು ಮೂರು ಗ್ರಾಮಿಗಿಂತ ಕಡಿಮೆ. 55 ಕೆಜಿ ತೂಗುವ ಆರೋಗ್ಯವಂತರಿಗೆ ಬೇಕಾದ್ದು ದಿನಕ್ಕೆ ಸುಮಾರು 45 ಗ್ರಾಂ. ಅಕ್ಕಿಯಲ್ಲೂ ಪ್ರೋಟೀನು ಇದೆ, ಇಲ್ಲವೆನ್ನುವಂತಿಲ್ಲ. 300 ಗ್ರಾಂ ಅಕ್ಕಿಯಿಂದ 23-24 ಗ್ರಾಂ ಬರುತ್ತದೆ. ಆದರೆ ಅದರಲ್ಲಿ ಪ್ರೋಟೀನನ್ನು ಕಟ್ಟುವ ಲೈಸೀನ್ ಎಂಬ ಅಂಶ ಕಡಿಮೆ. ಆ ಕೊರತೆಯನ್ನು ತುಂಬುವುದೇ ಬೇಳೆಕಾಳಿನ ಕೆಲಸ. ತುಂಬುವಷ್ಟು ಬಿದ್ದಿರಬೇಕು ಅಷ್ಟೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ಊಟಕ್ಕೆ ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು ಎಂದಿದೆ. ಮೊಟ್ಟೆ, ಮಾಂಸ ತಿನ್ನುವವರು ಅದನ್ನೂ ಈ 85ರ ಲೆಕ್ಕಕ್ಕೇ ಸೇರಿಸಿಕೊಳ್ಳಬಹುದು. ಇಲ್ಲಿ ಹೇಳಿದ ಎಲ್ಲ ತೂಕವೂ ಹಸಿಯದ್ದು, ಬೇಯಿಸುವ ಮೊದಲಿನದು. ಇನ್ನೊಂದು ಲೆಕ್ಕ ನೋಡಿ. ಶಾಲೆಯ ಬಿಸಿಯೂಟದ ನಿಯಮದಲ್ಲಿ ಐದನೇ ತರಗತಿಯವರೆಗಿನ ಮಗುವಿಗೆ ಒಂದು ಹೊತ್ತಿಗೆ 20 ಗ್ರಾಂ, ಆರರಿಂದ ಎಂಟನೇ ತರಗತಿಯವರಿಗೆ 30 ಗ್ರಾಂ ಬೇಳೆಕಾಳು ಎಂದಿದೆ. ಶಾಲೆಯ ಒಂದೇ ಊಟದಲ್ಲಿ ಮಗುವಿಗೆ ಮೀಸಲಿಟ್ಟಿರುವಷ್ಟು ಬೇಳೆ ಮನೆಯಲ್ಲಿ ದಿನವಿಡೀ ದುಡಿಯುವವರ ಹೊಟ್ಟೆಗೂ ಬೀಳುತ್ತಿಲ್ಲ.

85 ಗ್ರಾಂ ಎಂದು ಬರೆದುಕೊಟ್ಟರೆ ಆ ಚೀಟಿ ಅಂಗಡಿಯವರೆಗೂ ಹೋಗುವುದಿಲ್ಲ ಎಂಬುದು ಗೊತ್ತಿರುವ ಸಂಗತಿ. ತಲೆಗೆ 50 ಗ್ರಾಂ ಇಟ್ಟುಕೊಳ್ಳೋಣ. ನಾಲ್ಕು ಜನಕ್ಕೆ ದಿನಕ್ಕೆ 200 ಗ್ರಾಂ, ವಾರಕ್ಕೆ 1.4 ಕೆಜಿ, ತಿಂಗಳಿಗೆ ಆರು ಕೆಜಿ. ಈ ಅಂಕಣ ಹೇಳಹೊರಟಿರುವುದು ಈ ಆರು ಕೆಜಿಯ ಬಗ್ಗೆ ಮಾತ್ರ. ದಿನಸಿ ಚೀಟಿಯಲ್ಲಿ ಮೊದಲ ಸಾಲಿಗೆ ಅದನ್ನು ಬರೆಯಿರಿ, ಉಳಿದದ್ದೆಲ್ಲ ಆಮೇಲೆ. ಅಕ್ಕಿಯನ್ನು ಮೊದಲು ಬರೆದು, ಉಳಿದ ದುಡ್ಡಿಗೆ ಬೇಳೆ ಎನ್ನುವ ಲೆಕ್ಕ ಕೂಡುವುದೇ ಇಲ್ಲ. 2013ರಲ್ಲಿ ಅನ್ನಭಾಗ್ಯ ಶುರುವಾದ ಮೇಲಂತೂ ಕಾರ್ಡು ಇರುವ ಮನೆಯಲ್ಲಿ ಅಕ್ಕಿಗಾಗಿ ಅಷ್ಟೊಂದು ಚಿಂತಿಸುವ ಕಾರಣವಿಲ್ಲ. ಅಲ್ಲಿ ಉಳಿದ ದುಡ್ಡು ಕಾಳಿಗೆ ಹೋಗುವ ಬದಲು ಎಣ್ಣೆಗೆ, ಬಿಸ್ಕತ್ತಿಗೆ, ಡಬ್ಬಿಯ ಪುಡಿಗೆ ಹೋಗಿದೆ.

ಡಬ್ಬಿಯ ಪುಡಿಯ ವಿಷಯಕ್ಕೆ ತಾಳ್ಮೆ ಉಳಿಯುವುದು ಕಷ್ಟ. ಮಗು ಸಣ್ಣಗಿದೆ ಎಂದು ಸಾಲ ಮಾಡಿಯಾದರೂ ಹಾಲಿಗೆ ಬೆರೆಸುವ ಮಾಲ್ಟ್ ಪುಡಿ ತರುತ್ತಾರೆ. ಡಬ್ಬಿಯ ಹಿಂಭಾಗ ಓದಿ. ಇಂಥ ಸಾಮಾನ್ಯ ಪುಡಿಗಳಲ್ಲಿ ನೂರು ಗ್ರಾಮಿಗೆ ಪ್ರೋಟೀನು ಹತ್ತು ಗ್ರಾಮಿನ ಆಸುಪಾಸು, ಸಕ್ಕರೆ ಅದಕ್ಕಿಂತ ಎಷ್ಟೋ ಹೆಚ್ಚು. 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವು ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಎಂಬ ವಿಭಾಗದಿಂದ ತೆಗೆಯಿರಿ ಎಂದು ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತ್ತು. ಡಬ್ಬಿಯ ಮೇಲೆ ಓಡುತ್ತಿರುವ ಹುಡುಗನ ಚಿತ್ರ ಇದ್ದೇ ಇದೆ, ನಮ್ಮ ಮಾತು ಯಾರಿಗೆ ಬೇಕು!

ಯಾವುದು ಅಗ್ಗ ಎಂಬುದನ್ನು ಕೆಜಿಯ ಬೆಲೆಯಿಂದ ತೀರ್ಮಾನಿಸಬೇಡಿ, ಹತ್ತು ಗ್ರಾಂ ಪ್ರೋಟೀನಿಗೆ ಎಷ್ಟು ಬಿತ್ತು ಎಂದು ನೋಡಿ. ಹುರುಳಿ ಕೆಜಿಗೆ 90 ರೂಪಾಯಿ ಅಂದುಕೊಳ್ಳಿ. ಕೆಜಿಯಲ್ಲಿ 220 ಗ್ರಾಂನಷ್ಟು ಪ್ರೋಟೀನು ಇದೆ, ಹತ್ತು ಗ್ರಾಮಿಗೆ ನಾಲ್ಕು ರೂಪಾಯಿ ಬಿತ್ತು. ಮೊಟ್ಟೆ ಏಳು ರೂಪಾಯಿ ಆದರೆ, ಒಂದರಲ್ಲಿ ಆರು ಗ್ರಾಂ. ಹತ್ತು ಗ್ರಾಮಿಗೆ ಹನ್ನೆರಡು ರೂಪಾಯಿಯ ಹತ್ತಿರ. ಅರ್ಧ ಲೀಟರ್ ಹಾಲು 24 ಆದರೆ, ಅದರಲ್ಲಿ 16 ಗ್ರಾಂ. ಹತ್ತು ಗ್ರಾಮಿಗೆ 15 ರೂಪಾಯಿ. ಬೆಲೆಗಳು ಲೆಕ್ಕ ತೋರಿಸಲು ಇಟ್ಟುಕೊಂಡವು. ನಿಮ್ಮೂರಿನ ಸಂತೆಯ ಬೆಲೆ ಹಾಕಿ ನೋಡಿದರೆ ಅಂತರ ಕಿರಿದಾಗಬಹುದು, ಸಾಲು ಬಹುಮಟ್ಟಿಗೆ ಹೀಗೇ ಇರುತ್ತದೆ. ಮೊಟ್ಟೆಯ ಪ್ರೋಟೀನು ಗುಣದಲ್ಲಿ ಮೇಲು, ಹಾಲಿನಲ್ಲಿ ಬಿ12 ಜೀವಸತ್ವ ಇದೆ, ಕಾಳಿನಲ್ಲಿಲ್ಲ. ಅದಕ್ಕಾಗಿ ಅವುಗಳನ್ನು ಪೂರ್ತಿ ಬಿಡುವುದು ಬೇಡ.

ಆರು ಕೆಜಿಯೂ ತೊಗರಿಬೇಳೆಯೇ ಆಗಬೇಕಿಲ್ಲ. ಅದು ಹೆಚ್ಚಾಗಿ ದುಬಾರಿ. ಒಂದೂವರೆ ಕೆಜಿ ತೊಗರಿ, ಒಂದೂವರೆ ಕೆಜಿ ಹುರುಳಿ, ಹೆಸರುಕಾಳು, ಅಲಸಂದೆ, ಕಡಲೆಕಾಳು ತಲಾ ಒಂದೊಂದು ಕೆಜಿ ಎಂದರೆ ಆರು ಆಯಿತು. ಅವರೆಕಾಯಿ ಅಗ್ಗವಾಗುವ ಡಿಸೆಂಬರ್, ಜನವರಿಯಲ್ಲಿ ಒಣಕಾಳು ಕಡಿಮೆ ಮಾಡಿ ಹಸಿ ಅವರೆ ತನ್ನಿ. ಆದರೆ ಹಸಿಕಾಳಿನಲ್ಲಿ ನೀರೇ ಹೆಚ್ಚು. 200 ಗ್ರಾಂ ಒಣಕಾಳಿನ ಜಾಗಕ್ಕೆ ಸುಲಿದ ಕಾಳು ಅರ್ಧ ಕೆಜಿಯಷ್ಟಾದರೂ ಬೇಕು. ಕರಾವಳಿಯಲ್ಲಿ ಭೂತಾಯಿ ಮೀನು ರಾಶಿ ಬಿದ್ದಾಗ ಕಾಳಿನ ಲೆಕ್ಕ ಸಡಿಲಿಸಬಹುದು. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವಾಗ ಮತ್ತೆ ಕಾಳಿಗೇ ಬರಬೇಕು.

ದುಡ್ಡು ಎಲ್ಲಿಂದ? ಎಣ್ಣೆಯಿಂದ. ಪೋಷಣಾ ಸಂಸ್ಥೆಯ ಅದೇ ಮಾರ್ಗಸೂಚಿ ಒಬ್ಬರಿಗೆ ದಿನಕ್ಕೆ 27 ಗ್ರಾಂ ಎಣ್ಣೆ ಸಾಕು ಎನ್ನುತ್ತದೆ. ನಾಲ್ಕು ಜನಕ್ಕೆ ತಿಂಗಳಿಗೆ ಮೂರೂವರೆ ಲೀಟರ್ ಧಾರಾಳ. ಐದು ಲೀಟರಿನ ಕ್ಯಾನು ತಿಂಗಳಿಗೆ ಮುಗಿಯುತ್ತಿದ್ದರೆ ಒಂದೂವರೆ ಲೀಟರಿನ ಬೆಲೆ ಕಾಳಿಗೆ ಬಂತು. ದಿನಕ್ಕೊಂದು ಹತ್ತು ರೂಪಾಯಿಯ ಬಿಸ್ಕತ್ತು ಪೊಟ್ಟಣ ಬಿಟ್ಟರೆ ತಿಂಗಳಿಗೆ ಮುನ್ನೂರು, ಮೇಲಿನ ದರದಲ್ಲಿ ಮೂರು ಕೆಜಿ ಹುರುಳಿ. ಮಗುವಿಗೆ ಸಂಜೆ ಒಂದು ಹಿಡಿ ಹುರಿದ ಕಡಲೆಬೀಜ, ಚೂರು ಬೆಲ್ಲ ಕೊಡಿ. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇಡಿ ಬೀಜ ಬೇಡ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಕೊಡಿ.

ತಂದದ್ದು ಡಬ್ಬಿಯಲ್ಲೇ ಉಳಿಯುವುದು ಮುಂದಿನ ತಾಪತ್ರಯ. ಯೋಜನೆ ಹಾಳಾಗುವುದು ಬೆಳಗ್ಗೆ ಅಡುಗೆಮನೆಯಲ್ಲಿ ಎಂದು ಎಲ್ಲರೂ ತಿಳಿದಿದ್ದಾರೆ. ನಿಜವಾಗಿ ಹಾಳಾಗುವುದು ಹಿಂದಿನ ರಾತ್ರಿ, ನೆನೆಹಾಕಲು ಮರೆತಾಗ. ರಾತ್ರಿ ಪಾತ್ರೆ ತೊಳೆದಾದ ಮೇಲಿನ ಕೊನೆಯ ಕೆಲಸ ಕಾಳು ನೆನೆಹಾಕುವುದು ಎಂದು ಮಾಡಿಕೊಳ್ಳಿ. ಒಂದು ಸಲಕ್ಕೆ 400 ಗ್ರಾಂ ನೆನೆಸಿ. ಎಂಟು-ಹತ್ತು ಗಂಟೆಯ ಮೇಲೆ ನೀರು ಬಸಿದು, ಅರ್ಧ ಅವತ್ತಿನ ಕುಕ್ಕರಿಗೆ. ಇನ್ನರ್ಧ ತೆಳು ಬಟ್ಟೆಯಲ್ಲಿ ಕಟ್ಟಿಡಿ, ಮಾರನೆಯ ದಿನಕ್ಕೆ ಮೊಳಕೆ ಬಂದಿರುತ್ತದೆ. ಹೀಗೆ ವಾರಕ್ಕೆ ಎರಡು ಸಲ ನೆನೆಸಿದರೆ ನಾಲ್ಕು ದಿನ ಕಳೆಯಿತು. ಎರಡು ದಿನ ನೆನೆಸುವ ಗೊಡವೆಯಿಲ್ಲದ ತೊಗರಿಬೇಳೆ ಮಸೊಪ್ಪು. ಉಳಿದೊಂದು ದಿನ ಮೊಟ್ಟೆ. 200 ಗ್ರಾಂ ಕಾಳಿಗೆ ಸಮವಾಗಬೇಕಾದರೆ ನಾಲ್ಕು ಜನಕ್ಕೆ ಏಳಾದರೂ ಬೇಕು. ಮೊಟ್ಟೆ ತಿನ್ನದವರು ಆ ದಿನ ಹೆಸರುಕಾಳಿನ ದೋಸೆ ಮಾಡಲಿ. ಕಟ್ಟಿಟ್ಟ ಮೊಳಕೆ ಲೋಳೆಯಾಗಿ ವಾಸನೆ ಬಂದರೆ ಬಟ್ಟೆಯಲ್ಲಿ ನೀರು ಉಳಿದಿತ್ತು ಎಂದರ್ಥ, ಅದನ್ನು ಎಸೆಯಬೇಕು. ಮಕ್ಕಳಿಗೆ, ಬಸುರಿಯರಿಗೆ ಮೊಳಕೆಯನ್ನು ಬೇಯಿಸಿಯೇ ಕೊಡಿ.

ಅಳತೆಗೆ ಪಾವು ನಂಬಬೇಡಿ, ಮನೆಗೊಂದು ಪಾವು ಇರುತ್ತದೆ. ಒಂದು ಸ್ಟೀಲ್ ಲೋಟ ಒಯ್ದು ಅಂಗಡಿಯ ತಕ್ಕಡಿಯಲ್ಲಿ 200 ಗ್ರಾಂ ಕಾಳು ತೂಗಿಸಿ ಅದಕ್ಕೆ ಸುರಿಯಿರಿ, ಎಲ್ಲಿಯವರೆಗೆ ಬಂತೋ ಅಲ್ಲಿ ಮೊಳೆಯಿಂದ ಗೀರು ಹಾಕಿ. ಆ ಲೋಟ ಕಾಳಿನ ಡಬ್ಬಿಯಲ್ಲೇ ಇರಲಿ. 'ಒಂದು ಹಿಡಿ ಹಾಕ್ತೀನಿ' ಎನ್ನುವವರ ಹಿಡಿ ತಿಂಗಳ ಕೊನೆಗೆ ಸಣ್ಣದಾಗುತ್ತದೆ.

ಹುರುಳಿ ಬೇಯುವುದಿಲ್ಲ, ಗ್ಯಾಸ್ ದಂಡ ಎನ್ನುವವರು ಹುಣಸೆಹುಳಿಯನ್ನೋ ಟೊಮೆಟೊವನ್ನೋ ಮೊದಲೇ ಹಾಕಿರುತ್ತಾರೆ. ಹುಳಿ ಬಿದ್ದರೆ ಕಾಳಿನ ಸಿಪ್ಪೆ ಮೆತ್ತಗಾಗುವುದಿಲ್ಲ. ಕಾಳು ಬೆರಳಲ್ಲಿ ಹಿಸುಕಿದರೆ ನುರಿಯುವಷ್ಟು ಬೆಂದ ಮೇಲೆಯೇ ಹುಳಿ. ಗಡಸು ನೀರಿನ ಬೋರ್‌ವೆಲ್ ಇರುವ ಕಡೆಯೂ ಇದೇ ಕಷ್ಟ. ಬೇಯಿಸಲು ಕುಡಿಯುವ ನೀರಿನ ಘಟಕದ ಕ್ಯಾನಿನದನ್ನೇ ಬಳಸಿ. ಅಡುಗೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ, ಜೊತೆಗೆ ಬಿ1 ಜೀವಸತ್ವ ಹಾಳಾಗುತ್ತದೆ. ನೆನೆದ ಹುರುಳಿಗೆ ಕುಕ್ಕರಿನಲ್ಲಿ ಐದಾರು ಕೂಗು, ಆಮೇಲೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ. ಮೊಳಕೆ ಬಂದದ್ದಕ್ಕೆ ಮೂರು ಕೂಗು ಸಾಕು.

ಈಗ ಬಸ್ಸಾರಿಗೆ ಬರೋಣ. ಬಡವರ ಮನೆಯ ಅಡುಗೆಯಲ್ಲಿ ಇದಕ್ಕಿಂತ ಜಾಣತನದ್ದು ಇನ್ನೊಂದಿಲ್ಲ. ಒಂದೇ ಬೇಯಿಸುವಿಕೆಯಲ್ಲಿ ಕಾಳು-ಸೊಪ್ಪಿನ ಪಲ್ಯವೂ ಆಯಿತು, ಬಸಿದ ನೀರಿನಲ್ಲಿ ಸಾರೂ ಆಯಿತು. ಆದರೆ ಬಸಿದ ನೀರಿನಲ್ಲಿ ಪ್ರೋಟೀನು ಇರುವುದು ಅಲ್ಪಸ್ವಲ್ಪ. ಮುಕ್ಕಾಲಕ್ಕಿಂತ ಹೆಚ್ಚು ಉಳಿಯುವುದು ಪಲ್ಯದಲ್ಲಿ. ಮುದ್ದೆ ಸಾರಿನಲ್ಲಿ ಇಳಿದುಹೋಗುತ್ತದೆ, ಪಲ್ಯ ಪಕ್ಕದಲ್ಲಿ ನಂಚಿಕೊಳ್ಳಲು ಒಂದು ಚಮಚ. ಹುರುಳಿಕಟ್ಟಿನ ಸಾರಿನಲ್ಲಂತೂ ಹಿಂದಿನವರು ಕಟ್ಟನ್ನು ತಾವು ಉಂಡು ಬೆಂದ ಕಾಳನ್ನು ಎತ್ತುಗಳಿಗೆ ಹಾಕುತ್ತಿದ್ದರು. ಎತ್ತು ಚೆನ್ನಾಗಿಯೇ ಇರುತ್ತಿತ್ತು! ಈಗ ಎತ್ತಿಲ್ಲದ ಮನೆಯಲ್ಲೂ ಕಾಳಿನ ಪಾತ್ರೆ ಬದಿಗೇ ಉಳಿಯುತ್ತದೆ. ರೊಟ್ಟಿ ಉಣ್ಣುವ ಉತ್ತರ ಕರ್ನಾಟಕದಲ್ಲಿ ಈ ಕಷ್ಟ ಕಡಿಮೆ. ರೊಟ್ಟಿಗೆ ಗಟ್ಟಿ ಕಾಳುಪಲ್ಯವೋ ಝುಣಕವೋ ಬೇಕೇ ಬೇಕು, ನೀರುಸಾರು ರೊಟ್ಟಿಯ ತುತ್ತಿಗೆ ಹತ್ತುವುದಿಲ್ಲ.

ಬಸ್ಸಾರು ಮಾಡಿದ ದಿನ ಬೆಂದ ಕಾಳಿನಲ್ಲಿ ಎರಡು ಹಿಡಿ ತೆಗೆದು ಸಾರಿನ ಖಾರದ ಜೊತೆ ರುಬ್ಬಿ. ಸಾರು ಗಟ್ಟಿಯಾಗುತ್ತದೆ, ಪಲ್ಯ ಬೇಡವೆನ್ನುವ ಮಕ್ಕಳ ಹೊಟ್ಟೆಗೂ ಸೇರುತ್ತದೆ. ಉಳಿದ ಪಲ್ಯವನ್ನು ಬಡಿಸುವ ಮೊದಲೇ ನಾಲ್ಕು ಭಾಗ ಮಾಡಿ. ಅಡುಗೆ ಮಾಡಿದ ಹೆಂಗಸಿನ ಭಾಗ ಮೊದಲೇ ಬಟ್ಟಲಿಗೆ ಹೋಗಲಿ, ಏಕೆಂದರೆ ಕೊನೆಗೆ ಉಣ್ಣುವವಳಿಗೆ ಪಲ್ಯದ ಬಾಣಲೆಯಲ್ಲಿ ಒಗ್ಗರಣೆ ಮಾತ್ರ ಉಳಿದಿರುತ್ತದೆ. ಅತ್ತೆ ಏನಂದುಕೊಳ್ಳುತ್ತಾರೋ ಎಂಬ ಅಳುಕು ಇದ್ದರೆ ಡಾಕ್ಟರು ಹೇಳಿದ್ದಾರೆ ಎನ್ನಿ. ಕೆಲಸ ಮಾಡುತ್ತದೆ.

ಸೊಪ್ಪು, ರಾಗಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ನಮ್ಮವರಿಗೆ ಗೊತ್ತು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ನುಗ್ಗೆಸೊಪ್ಪು ಬೇಲಿಯಲ್ಲೇ ಸಿಗುತ್ತದೆ. ಊಟದ ಬೆನ್ನಿಗೇ ಕಾಫಿ, ಟೀ ಕುಡಿಯದೆ ಒಂದು ಗಂಟೆ ಬಿಡಿ, ಕಾಳುಪಲ್ಯಕ್ಕೆ ನಿಂಬೆಹುಳಿ ಹಿಂಡಿ. ಎರಡೂ ಕಬ್ಬಿಣಾಂಶ ಮೈಗೆ ಹತ್ತಲು. ಹಾಗೆಂದು ಹಿಮೋಗ್ಲೋಬಿನ್ ತೀರಾ ಇಳಿದಿರುವವರು ಹುರುಳಿ ತಿಂದೇ ಏರಿಸುತ್ತೇವೆ ಎಂದು ಕೂರಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ ಸಿಗುತ್ತದೆ, ನುಂಗಬೇಕು. ಮೂತ್ರಪಿಂಡದ ತೊಂದರೆ ಇರುವವರಿಗೆ ಇಲ್ಲಿನ ಅಳತೆ ಅನ್ವಯಿಸುವುದಿಲ್ಲ, ಅವರು ತಮ್ಮ ವೈದ್ಯರನ್ನು ಕೇಳಿಯೇ ಬೇಳೆ ಹೆಚ್ಚಿಸಬೇಕು. ಯೂರಿಕ್ ಆಮ್ಲ ಏರಿರುವವರೂ ಅಷ್ಟೇ.

ಹೊಟ್ಟೆ ಉಬ್ಬರಿಸುತ್ತದೆ ಎಂಬ ದೂರು ನಿಜವಾದದ್ದೇ. ಹನ್ನೆರಡು ಗ್ರಾಂ ತಿನ್ನುತ್ತಿದ್ದ ಹೊಟ್ಟೆಗೆ ಒಮ್ಮೆಲೇ ಐವತ್ತು ಹಾಕಿದರೆ ಇನ್ನೇನಾಗುತ್ತದೆ? ಮೊದಲ ವಾರ ತಲೆಗೆ 25 ಗ್ರಾಂ, ಎರಡನೆಯ ವಾರ 35, ಆಮೇಲೆ 50. ನೆನೆಸಿದ ನೀರು ಚೆಲ್ಲಿ. ಮೊದಮೊದಲು ಹೆಸರುಕಾಳು, ಕೊನೆಗೆ ಕಡಲೆ.

ವಾರದ ಬಟವಾಡೆಯ ಮೇಲೆ ಬದುಕುವವರು ತಿಂಗಳ ಚೀಟಿ ಬರೆಯಲಾರರು. ಅವರು ಸಂಬಳದ ದಿನವೇ ಎರಡು ಬಗೆಯ ಕಾಳು, ಬೇಳೆ ಸೇರಿ ಒಂದೂವರೆ ಕೆಜಿ ತಂದುಬಿಡಲಿ. ದಿನಾ ಹತ್ತು ರೂಪಾಯಿಯ ಪೊಟ್ಟಣ ತಂದರೆ ಕೆಜಿಯ ಲೆಕ್ಕದಲ್ಲಿ ಹೆಚ್ಚು ತೆತ್ತಂತೆ, ಕೈ ಬಿಗಿಯಾದ ದಿನ ಪೊಟ್ಟಣವೂ ಇಲ್ಲ. ಅಗ್ಗವೆಂದು ಹಳೆಯ ದಾಸ್ತಾನು ತರುವುದು ಬೇಡ. ಬಿಸಿಲು, ತೇವದಲ್ಲಿ ವರ್ಷಗಟ್ಟಲೆ ಕುಳಿತ ಕಾಳು ಎಷ್ಟು ಕೂಗಿಸಿದರೂ ಬೇಯುವುದಿಲ್ಲ. ಮೊದಲು ಕಾಲು ಕೆಜಿ ತಂದು ಬೇಯಿಸಿ ನೋಡಿ. ಅಂಥ ಕಾಳು ಮನೆಗೆ ಬಂದೇಬಿಟ್ಟಿದ್ದರೆ, ಹುಳು, ಬೂಷ್ಟು ಇಲ್ಲದಿದ್ದಲ್ಲಿ, ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಕರಿಬೇವು, ಉಪ್ಪು ಸೇರಿಸಿ ಚಟ್ನಿಪುಡಿ ಮಾಡಿ. ಹುರುಳಿಗೆ ಅದು ಬಹಳ ಚೆನ್ನಾಗಿ ಹೊಂದುತ್ತದೆ.